ಸಿಗಡಿ ಮುಟ್ಟದ ಹುಡುಗನಿಗೆ ಸಿಗಡಿ ಅಲರ್ಜಿ: ಐಜಿಇ ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕಳೆದ ಮಳೆಗಾಲದಲ್ಲಿ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗನಿಗೆ 9 ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು, ಆಮೇಲೆ ಮೂಗು ಸೋರುವುದು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಅದರ ಮೇಲೆ ಒಂದು ಅಡ್ಡಗೆರೆಯೇ ಬಿದ್ದುಬಿಟ್ಟಿತ್ತು. ಯಾರೋ ಹೇಳಿದರಂತೆ, ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ, ಫುಲ್ ಅಲರ್ಜಿ ಪ್ಯಾನೆಲ್ ಮಾಡಿಸಿಬಿಡು ಅಂತ. ಮಾಡಿಸಿದಳು. ಎರಡು ದಿನಕ್ಕೆ ವಾಟ್ಸಾಪಿಗೆ ನಾಲ್ಕು ಪುಟದ ಪಿಡಿಎಫ್ ಬಂತು.

"ನೋಡೋ, ಕಡಲೆಕಾಯಿ ಆಗಲ್ವಂತೆ, ಗೋಧಿ ಆಗಲ್ವಂತೆ. ಸಿಗಡಿ ಬೇರೆ ಆಗಲ್ವಂತೆ. ನಮ್ಮನೇಲಿ ಸಿಗಡಿ ಯಾವತ್ತು ಬಂದಿತ್ತು?"

ಹಿಂದಿನಿಂದ ಅವಳ ಅತ್ತೆಯ ದನಿ ಕೇಳುತ್ತಿತ್ತು. "ನಾನು ಮೊದಲೇ ಹೇಳಿರಲಿಲ್ವಾ, ಕಡಲೆಕಾಯಿ ನಂಜು ಅಂತ."

ಪಿಡಿಎಫ್ ಕಳಿಸು ಅಂದೆ. ಒಟ್ಟು ಐಜಿಇ 684. ಡಸ್ಟ್ ಮೈಟ್ (ಹಾಸಿಗೆ ಧೂಳಿನಲ್ಲಿರುವ ಪುಟ್ಟ ಜೀವಿ) 62, ಕ್ಲಾಸ್ 5. ಸಿಗಡಿ 1.9, ಕ್ಲಾಸ್ 2. ಕಡಲೆಕಾಯಿ 0.52, ಗೋಧಿ 0.41, ಎರಡೂ ಕ್ಲಾಸ್ 1. ಒಂದೊಂದರ ಪಕ್ಕದಲ್ಲೂ ಹಳದಿ, ಕಿತ್ತಳೆ, ಕೆಂಪು ಪಟ್ಟಿ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ರೋಗಲಕ್ಷಣದ ಜೊತೆ ಹೋಲಿಸಿ ನೋಡಿ’ ಎಂಬ ಒಂದು ಸಾಲು. ಇಡೀ ರಿಪೋರ್ಟಿನಲ್ಲಿ ತುಂಬಾ ಮುಖ್ಯವಾದ ಸಾಲು ಅದೇ. ಅದನ್ನು ಯಾರೂ ಓದುವುದಿಲ್ಲ.

ಈ ಐಜಿಇ ಎಂಬುದು ನಮ್ಮ ದೇಹ ತಯಾರಿಸುವ ಐದು ಬಗೆಯ ಪ್ರತಿಕಾಯಗಳಲ್ಲಿ, ಅಂದರೆ ಆಂಟಿಬಾಡಿಗಳಲ್ಲಿ, ಒಂದು. ಅದರ ಜಾಡು ಹಿಡಿದ ಕತೆ ಸ್ವಾರಸ್ಯವಾಗಿದೆ. 1921ರಲ್ಲಿ ಜರ್ಮನಿಯ ಬ್ರೆಸ್ಲಾವ್ ಊರಿನಲ್ಲಿ (ಈಗ ಅದು ಪೋಲೆಂಡಿನಲ್ಲಿದೆ) ಪ್ರಾಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರಿದ್ದರು. ಕ್ಯೂಸ್ಟ್ನರ್ ಮೀನು ತಿಂದರೆ ಮೈಯೆಲ್ಲ ದದ್ದು. ಪ್ರಾಸ್ನಿಟ್ಸ್‌ಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಕ್ಯೂಸ್ಟ್ನರ್ ರಕ್ತದ ಸೀರಂ ತೆಗೆದು ಪ್ರಾಸ್ನಿಟ್ಸ್ ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರು. ಅಷ್ಟು ಜಾಗ ಮಾತ್ರ ಕೆಂಪಗೆ ಊದಿಕೊಂಡಿತು. ಅಲರ್ಜಿ ಮಾಡಿಸುವ ಯಾವುದೋ ವಸ್ತು ರಕ್ತದಲ್ಲಿದೆ ಎಂದು ಅಲ್ಲಿಗೆ ಗೊತ್ತಾಯಿತು. ಆ ವಸ್ತು ಏನು ಅಂತ ತಿಳಿಯಲು ಮತ್ತೆ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ಇಶಿಜಾಕಾ ದಂಪತಿ ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗದಿಂದ ನರಳುವವರ ಸೀರಂನಲ್ಲಿ ಅದನ್ನು ಗುರುತಿಸಿದರು. 1967ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಒಬ್ಬ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಅದೇ ವಸ್ತುವನ್ನು ಬೇರೆ ದಾರಿಯಿಂದ ಕಂಡುಕೊಂಡಿದ್ದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಐಜಿಇ ಅಂತ ಹೆಸರಿಟ್ಟಿತು. ಅಂದಹಾಗೆ, ಆ ರ‍್ಯಾಗ್‌ವೀಡ್ ನಮ್ಮ ಪಾರ್ಥೇನಿಯಂನ, ಅಂದರೆ ಕಾಂಗ್ರೆಸ್ ಗಿಡದ, ದಾಯಾದಿ. ಅದರ ವಿಷಯಕ್ಕೆ ಆಮೇಲೆ ಬರೋಣ.

ಐಜಿಇ ಕೆಲಸ ಮಾಡುವ ಬಗೆಯನ್ನು ಇಲಿಬೋನಿಗೆ ಹೋಲಿಸಬಹುದು. ಚರ್ಮ, ಮೂಗು, ಶ್ವಾಸನಾಳ, ಕರುಳು ಇಲ್ಲೆಲ್ಲ ಮಾಸ್ಟ್ ಕೋಶಗಳು ಇರುತ್ತವೆ. ಅವೇ ಬೋನು. ಅದರ ಮೇಲೆ ಹೋಗಿ ಕೂರುವ ಐಜಿಇ ಬೋನಿನ ಕೊಂಡಿ ಇದ್ದ ಹಾಗೆ. ತನಗೆ ಗುರುತಿರುವ ಪದಾರ್ಥ ಬಂದು ತಾಗಿದರೆ ಕೊಂಡಿ ಕಳಚಿ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಗೆ ಬರುತ್ತದೆ. ಆಗಲೇ ಸೀನು, ತುರಿಕೆ, ದದ್ದು, ಉಬ್ಬಸ. ಆದರೆ ಕೊಂಡಿ ಹಾಕಿದ ಬೋನೆಲ್ಲ ಇಲಿ ಹಿಡಿಯುತ್ತದೆ ಅಂತೇನಿಲ್ಲ, ಅಲ್ವಾ?

ರಕ್ತಪರೀಕ್ಷೆ ಎಣಿಸುವುದು ಈ ಕೊಂಡಿಗಳನ್ನು. ಅದೂ ಬೋನಿಗೆ ಹಾಕಿದ ಕೊಂಡಿಗಳನ್ನಲ್ಲ, ಇನ್ನೂ ರಕ್ತದಲ್ಲಿ ಓಡಾಡಿಕೊಂಡಿರುವುದನ್ನು. ರಕ್ತದಲ್ಲಿರುವ ಐಜಿಇ ಎರಡು ಮೂರು ದಿನಕ್ಕೆ ಅರ್ಧ ಆಗುತ್ತದೆ. ಮಾಸ್ಟ್ ಕೋಶಕ್ಕೆ ಅಂಟಿಕೊಂಡದ್ದು ವಾರಗಟ್ಟಲೆ ಇರುತ್ತದೆ. ಪ್ರಮಾಣವೂ ತೀರಾ ಕಡಿಮೆ. ಐಜಿಇ ಅಳೆಯುವ ಒಂದು ಯೂನಿಟ್ ಎಂದರೆ 2.4 ನ್ಯಾನೋಗ್ರಾಂ. ಒಟ್ಟು ಐಜಿಇ 100 ಇರುವವರ ರಕ್ತದಲ್ಲಿ ಮಾಮೂಲಿ ಐಜಿಜಿ ಪ್ರತಿಕಾಯ ಅದಕ್ಕಿಂತ ಸುಮಾರು 40 ಸಾವಿರ ಪಟ್ಟು ಜಾಸ್ತಿ ಇರುತ್ತದೆ. ಇಷ್ಟು ಸಣ್ಣ ವಸ್ತುವನ್ನು ಹಿಡಿಯಲು ಲ್ಯಾಬಿನವರು ಮಾಡುವುದು ಇಷ್ಟು: ಕಡಲೆಕಾಯಿಯದೋ ಮೈಟಿನದೋ ಪ್ರೋಟೀನನ್ನು ಒಂದು ಪುಟ್ಟ ಸ್ಪಂಜಿಗೆ ಅಂಟಿಸಿರುತ್ತಾರೆ. ಅದರ ಮೇಲೆ ನಿಮ್ಮ ಸೀರಂ ಹಾಕುತ್ತಾರೆ. ಅದನ್ನು ಗುರುತಿಸುವ ಐಜಿಇ ಇದ್ದರೆ ಅಂಟಿಕೊಳ್ಳುತ್ತದೆ, ಮಿಕ್ಕಿದ್ದನ್ನು ತೊಳೆದುಬಿಡುತ್ತಾರೆ. ಆಮೇಲೆ ಐಜಿಇಗೇ ಅಂಟುವ, ಹೊಳಪು ಬರಿಸುವ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಹೊಳಪು ಜಾಸ್ತಿ ಇದ್ದಷ್ಟೂ ಸಂಖ್ಯೆ ಜಾಸ್ತಿ.

ಅಂದರೆ ಮೆಷಿನ್ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ. ಈ ಪದಾರ್ಥವನ್ನು ಗುರುತಿಸುವ ಐಜಿಇ ಈ ರಕ್ತದಲ್ಲಿ ಇದೆಯಾ? ತಿಂದರೆ ಏನಾಗುತ್ತದೆ ಎಂದು ಅದನ್ನು ಯಾರೂ ಕೇಳಿಲ್ಲ, ಅದು ಹೇಳಿಯೂ ಇಲ್ಲ. ಐಜಿಇ ಇರುವುದಕ್ಕೆ ವೈದ್ಯರು ಸೆನ್ಸಿಟೈಸೇಷನ್ ಅನ್ನುತ್ತಾರೆ. ಮೈ ಆ ಪದಾರ್ಥವನ್ನು ಗುರುತು ಹಿಡಿದಿದೆ, ಅಷ್ಟೇ. ಅಲರ್ಜಿ ಎಂದರೆ ಆ ಪದಾರ್ಥ ಒಳಗೆ ಹೋದಾಗ ನಿಜವಾಗಿ ತೊಂದರೆ ಆಗಬೇಕು.

ಇವೆರಡರ ನಡುವೆ ಎಷ್ಟು ಅಂತರ ಇದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಯುರೋಪ್ರೆವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾರತದ ಭಾಗ ನಡೆದದ್ದು ಕರ್ನಾಟಕದಲ್ಲೇ. 11 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿ, ಅವರಲ್ಲಿ ಆಯ್ದ ಕೆಲವರ ರಕ್ತ ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಾವುದೋ ಒಂದು ಆಹಾರಕ್ಕೆ ಐಜಿಇ ಇದ್ದವರು ಶೇ 26.5. ಆಹಾರದ ಅಲರ್ಜಿ ಇರಬಹುದು ಅನ್ನುವಂಥವರು ಶೇ 1.2. ನಮ್ಮ ಬೀದಿಯಲ್ಲಿ ನೂರು ಜನರನ್ನು ಸಾಲಾಗಿ ನಿಲ್ಲಿಸಿ ರಕ್ತ ತೆಗೆದರೆ ಇಪ್ಪತ್ತಾರು ಜನರ ಕೈಗೆ ಪಾಸಿಟಿವ್ ರಿಪೋರ್ಟ್ ಬರುತ್ತದೆ, ನಿಜವಾಗಿ ತಿಂದರೆ ಆಗದವರು ಒಬ್ಬರೋ ಇಬ್ಬರೋ. ಮಿಕ್ಕವರು ಚಟ್ನಿ, ಚಪಾತಿ ತಿಂದುಕೊಂಡು ಚೆನ್ನಾಗೇ ಇರುತ್ತಾರೆ, ರಿಪೋರ್ಟ್ ನೋಡುವ ತನಕ.

ಇನ್ನು ಸಿಗಡಿ ಎಲ್ಲಿಂದ ಬಂತು? ಇದು ಲ್ಯಾಬಿನ ತಪ್ಪಲ್ಲ. ಸಿಗಡಿಯ ಮಾಂಸದಲ್ಲಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದೆ. ಹೆಚ್ಚು ಕಡಿಮೆ ಅಂಥದ್ದೇ ಪ್ರೋಟೀನ್ ಡಸ್ಟ್ ಮೈಟಿನಲ್ಲಿದೆ, ಜಿರಳೆಯಲ್ಲೂ ಇದೆ. ಡಸ್ಟ್ ಮೈಟ್ ಅಂದರೆ ನಮ್ಮ ಹಾಸಿಗೆ ದಿಂಬುಗಳಲ್ಲಿ ಉದುರಿದ ಚರ್ಮದ ಹೊಟ್ಟು ತಿಂದುಕೊಂಡು ಬದುಕುವ, ಕಣ್ಣಿಗೆ ಕಾಣದ ಜೀವಿ, ಜೇಡದ ಕಡೆಯ ನೆಂಟ. ಸಿಗಡಿ, ಮೈಟು, ಜಿರಳೆ ಮೂರೂ ಸಂದುಕಾಲಿನ ಪ್ರಾಣಿಗಳು, ಒಂದೇ ದೊಡ್ಡ ವಂಶ. ಮೈಟನ್ನು ನೋಡಿ ತಯಾರಾದ ಐಜಿಇ, ಸ್ಪಂಜಿನ ಮೇಲೆ ಸಿಗಡಿ ಕಂಡಾಗ ಅದಕ್ಕೂ ಹೋಗಿ ಅಂಟಿಕೊಂಡಿತು. ಹುಡುಗ ಸಿಗಡಿ ತಿಂದಿಲ್ಲ, ಸಿಗಡಿಯ ನೆಂಟರ ಜೊತೆ ಮಲಗಿದ್ದಾನೆ. ಕಡಲೆಕಾಯಿ, ಗೋಧಿಯ ಸಣ್ಣ ಸಂಖ್ಯೆಗಳಿಗೂ ಎಷ್ಟೋ ಸಲ ಕಾರಣ ಹೀಗೇ ಇರುತ್ತದೆ. ಹುಲ್ಲಿನ, ಕಳೆಯ ಪರಾಗಕ್ಕೆ ಹುಟ್ಟಿದ ಐಜಿಇ ಸಸ್ಯಗಳಲ್ಲೆಲ್ಲ ಹೋಲುವ ಪ್ರೋಟೀನಿಗೋ ಸಕ್ಕರೆ ಸರಪಳಿಗೋ ಅಂಟುತ್ತದೆ.

ಕ್ಲಾಸ್ ಲೆಕ್ಕ ಬೇರೆ ಜನರನ್ನು ದಾರಿ ತಪ್ಪಿಸುತ್ತದೆ. 0.35ರಿಂದ ಕ್ಲಾಸ್ 1 ಶುರು, 0.70ಕ್ಕೆ 2, 3.5ಕ್ಕೆ 3, 17.5ಕ್ಕೆ 4, 50ಕ್ಕೆ 5, 100 ದಾಟಿದರೆ 6. ಪರೀಕ್ಷೆಯಲ್ಲಿ ಬರುವ ರ‍್ಯಾಂಕಿನಂತೆ ಇದನ್ನು ಓದುತ್ತಾರೆ. ಕ್ಲಾಸ್ 5 ಅಂದರೆ ಭಾರೀ ಅಲರ್ಜಿ, ಕ್ಲಾಸ್ 1 ಅಂದರೆ ಸ್ವಲ್ಪ ಅಲರ್ಜಿ ಅಂತ. ಹಾಗಲ್ಲ. ಸಂಖ್ಯೆ ದೊಡ್ಡದಾದಷ್ಟೂ ಅಲರ್ಜಿ ನಿಜವಾಗಿ ಇರುವ ಸಾಧ್ಯತೆ ಜಾಸ್ತಿ. ಆದಾಗ ಎಷ್ಟು ಜೋರಾಗಿ ಆಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಕ್ಲಾಸ್ 4 ಇದ್ದವನಿಗೆ ಬಾಯಿ ಸ್ವಲ್ಪ ತುರಿಸಬಹುದು. ಕ್ಲಾಸ್ 1 ಇದ್ದವಳು ಆಸ್ಪತ್ರೆ ಸೇರಬಹುದು. ಚಪಾತಿ ತಿಂದಾಗ ಏನೂ ಆಗದೆ, ತಿಂದು ಓಡಿದರೋ ಆಟ ಆಡಿದರೋ ಮಾತ್ರ ಮೈಯೆಲ್ಲ ದದ್ದೆದ್ದು, ತಲೆ ಸುತ್ತಿ ಬೀಳುವ ಒಂದು ಬಗೆಯ ಗೋಧಿ ಅಲರ್ಜಿ ಇದೆ. ಅಂಥವರಲ್ಲಿ ಕೆಲವರಿಗೆ ಸಾಮಾನ್ಯ ಗೋಧಿ ಐಜಿಇ ತೀರಾ ಕಡಿಮೆ ಇರುತ್ತದೆ, ನೆಗೆಟಿವ್ ಬರುವುದೂ ಉಂಟು. ಗೋಧಿಯ ಒಂದೇ ಒಂದು ಪ್ರೋಟೀನನ್ನು, ಒಮೇಗಾ-5 ಗ್ಲಯಾಡಿನ್ ಅಂತ, ಬೇರೆಯಾಗಿ ನೋಡಿದರೆ ಸಿಕ್ಕಿಬೀಳುತ್ತದೆ. ಆ ಪರೀಕ್ಷೆ ಬರೆದುಕೊಡಬೇಕು ಎಂದು ಹೊಳೆಯಬೇಕಾದರೆ ‘ತಿಂದಮೇಲೆ ಏನು ಮಾಡುತ್ತಿದ್ದಿರಿ?’ ಅಂತ ಯಾರಾದರೂ ಮೊದಲು ಕೇಳಿರಬೇಕು.

ಒಟ್ಟು ಐಜಿಇ ಎಂಬ ಮೊದಲ ಸಾಲು ನೋಡಿಯೇ ಬಹಳ ಜನ ಹೆದರುವುದು. 100ರ ಒಳಗಿರಬೇಕು ಅಂತ ಪಕ್ಕದಲ್ಲಿ ಬರೆದಿರುತ್ತದೆ, ತಮ್ಮದು 684. ನಮ್ಮ ಕಡೆ ಹೊಟ್ಟೆಹುಳು ಒಂದೇ ಸಾಕು ಇದನ್ನು ನೂರಾರಕ್ಕೆ ಏರಿಸಲು. ಹುಳುಗಳ ಜೊತೆ ಹೋರಾಡಲೆಂದೇ ದೇಹ ಐಜಿಇ ಇಟ್ಟುಕೊಂಡಿರುವುದು ಎನ್ನುವ ವಿಜ್ಞಾನಿಗಳಿದ್ದಾರೆ. ಚರ್ಮದ ಎಕ್ಸಿಮಾ ಇದ್ದರೂ ಏರುತ್ತದೆ, ಸಿಗರೇಟ್ ಸೇದಿದರೂ ಸ್ವಲ್ಪ ಏರುತ್ತದೆ. ಒಟ್ಟು ಐಜಿಇ ಮಾಮೂಲಾಗಿದ್ದೂ ಜೋರು ಅಲರ್ಜಿ ಇರುವವರಿದ್ದಾರೆ. ಹಾಗಾಗಿ ಸೀನಿಗೆ, ದದ್ದಿಗೆ ಈ ಒಂದು ಸಂಖ್ಯೆಯಿಂದ ಹೇಳಲು ಬರುವುದು ಕಡಿಮೆ.

ಆದರೆ ಅದು ನಿಜಕ್ಕೂ ಬೇಕಾಗುವ ಜಾಗಗಳಿವೆ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸನಾಳದಲ್ಲಿ ಮನೆ ಮಾಡಿಕೊಂಡು ಎಬಿಪಿಎ ಎಂಬ ಕಾಯಿಲೆ ಬರುತ್ತದೆ. ಎಕ್ಸ್‌ರೇಯಲ್ಲಿ ಕಲೆ ಕಂಡು ಟಿಬಿ ಇರಬೇಕೆಂದು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಇಲ್ಲಿ ಆಸ್ಪರ್ಜಿಲಸ್ ಐಜಿಇ ಮತ್ತು ಒಟ್ಟು ಐಜಿಇ ಎರಡೂ ಬೇಕೇ ಬೇಕು. ಒಟ್ಟು ಐಜಿಇ 1,000 ದಾಟಿರಬೇಕು ಅಂತ ಮೊದಲು ಲೆಕ್ಕ ಇತ್ತು, 2024ರ ಮಾರ್ಗಸೂಚಿ ಅದನ್ನು 500ಕ್ಕೆ ಇಳಿಸಿತು. ಚಿಕಿತ್ಸೆ ಹತ್ತುತ್ತಿದೆಯಾ ಅಂತ ನೋಡುವುದೂ ಆ ಸಂಖ್ಯೆ ಇಳಿಯುವುದರಿಂದಲೇ. ಇನ್ನೊಂದು, ಒಮಾಲಿಜುಮಾಬ್ ಎಂಬ ದುಬಾರಿ ಇಂಜೆಕ್ಷನ್. ಅಲರ್ಜಿಯ ಆಸ್ತಮಾ ಇರುವವರಿಗೆ ಅದರ ಡೋಸ್ ನಿರ್ಧರಿಸುವುದು ದೇಹದ ತೂಕ ಮತ್ತು ಒಟ್ಟು ಐಜಿಇ ನೋಡಿ. ಒಮ್ಮೆ ಶುರುವಾದ ಮೇಲೆ ರಕ್ತದಲ್ಲಿ ಐಜಿಇ ಏರಿದಂತೆ ಕಾಣುತ್ತದೆ. ಇಂಜೆಕ್ಷನ್ನಿಗೆ ಕಟ್ಟಿಬಿದ್ದ ಐಜಿಇ ಬೇಗ ಹೊರಗೆ ಹೋಗುವುದಿಲ್ಲ, ಅದಕ್ಕೆ. ಅದು ಗೊತ್ತಿಲ್ಲದೆ ಮತ್ತೆ ರಕ್ತ ಕೊಟ್ಟು ಕಾಯಿಲೆ ಜಾಸ್ತಿಯಾಗಿದೆ ಅಂತ ಗಾಬರಿಯಾಗುವವರೂ ಇದ್ದಾರೆ.

ಈಗ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡ ಆಮೇಲೆ ಬೆಂಗಳೂರಿನ ಖಾಲಿ ಸೈಟು, ರೈಲು ಹಳಿ, ಹೊಲದ ಬದು ಒಂದನ್ನೂ ಬಿಡಲಿಲ್ಲ. 1984ರಲ್ಲಿ ಅದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು. ದುಂಬಿಯೂ ಇದೆ, ಗಿಡವೂ ಇದೆ. ಈ ಗಿಡ ಎರಡು ಬಗೆಯಲ್ಲಿ ಕಾಡುತ್ತದೆ. ಪರಾಗ ಮೂಗಿಗೆ ಹೋಗಿ ಸೀನು ಬರುವುದು ಐಜಿಇ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ ಇದನ್ನು ಅಧ್ಯಯನ ಮಾಡಿ, ಪಾರ್ಥೇನಿಯಂ ಮತ್ತು ರ‍್ಯಾಗ್‌ವೀಡ್ ಪರಾಗ ಎರಡನ್ನೂ ಒಂದೇ ಐಜಿಇ ಗುರುತಿಸುತ್ತದೆ ಎಂದು ತೋರಿಸಿದ್ದಾರೆ. ಆದರೆ ಹೊಲದಲ್ಲಿ ಕಳೆ ಕೀಳುವ ರೈತನ ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ರಾತ್ರಿಯೆಲ್ಲ ತುರಿಸುತ್ತದಲ್ಲ, ಅದು ಬೇರೆ ದಾರಿ. ಅಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಐಜಿಇ ಅಲ್ಲ, ಟಿ ಕೋಶಗಳು ಎಂಬ ಒಂದು ಬಗೆಯ ಬಿಳಿ ರಕ್ತಕಣಗಳು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಅದನ್ನು ಹಿಡಿಯುತ್ತದೆ. ರಕ್ತದ ಐಜಿಇ ನೆಗೆಟಿವ್ ಬಂತು ಅಂತ ಅದೇ ಹೊಲಕ್ಕೆ ಬರಿಗೈಯಲ್ಲಿ ಹೋದರೆ ಮುಗಿಯಿತು. ಬಿಂದಿಯ ಅಂಟಿಗೆ ಹಣೆ ಬಿಳಿಯಾಗುವುದು, ರೋಲ್ಡ್ ಗೋಲ್ಡ್ ಓಲೆಗೆ ಕಿವಿ ಕೀವಾಗುವುದು ಎರಡಕ್ಕೂ ಐಜಿಇ ರಿಪೋರ್ಟಿನಲ್ಲಿ ಉತ್ತರ ಇಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರ ಬರುವುದಕ್ಕೂ ಇಲ್ಲ, ಅದು ಸಾಮಾನ್ಯವಾಗಿ ಲ್ಯಾಕ್ಟೋಸ್ ಅರಗದ ತೊಂದರೆ. ತಿಂಗಳುಗಟ್ಟಲೆ ದಿನಾ ಏಳುವ ಪಿತ್ತದ ಗಂಧೆಗೂ ಇಲ್ಲ. ಅಂಥವರಲ್ಲಿ ಹೊರಗಿನ ಪದಾರ್ಥ ಕಾರಣವಾಗಿರುವುದು ಅಪರೂಪ. ಆದರೂ ದುಬಾರಿ ಪ್ಯಾನೆಲ್ ಮಾಡಿಸುವವರಲ್ಲಿ ಅವರೇ ಮುಂದು, ಪಾಪ. ತುರಿಕೆ ಮನುಷ್ಯನನ್ನು ಏನು ಬೇಕಾದರೂ ಮಾಡಿಸುತ್ತದೆ.

ನನಗೆ ಸಿಟ್ಟು ಬರುವುದು ಪರೀಕ್ಷೆಯ ಮೇಲಲ್ಲ, ಅದನ್ನು ಮದುವೆ ಊಟದ ಥರ ಬಡಿಸುವುದರ ಮೇಲೆ. ಎಲೆ ತುಂಬಾ 80, 100, 200 ಐಟಂ. ಒಂದೊಂದಕ್ಕೂ ನೂರಕ್ಕೆ ಐದು ಸಲ ಅರ್ಥವಿಲ್ಲದ ಪಾಸಿಟಿವ್ ಬರುತ್ತದೆ ಎಂದು ಇಟ್ಟುಕೊಂಡರೂ, 100 ಐಟಂ ನೋಡಿದಾಗ ಐದು ಆಹಾರ ಸುಮ್ನೆ ಕೆಂಪಾಗುತ್ತವೆ. ಅಮೆರಿಕದ ಅಲರ್ಜಿ ತಜ್ಞರ ಅಕಾಡೆಮಿ 2012ರಲ್ಲೇ ಹೇಳಿತ್ತು, ಕತೆ ಕೇಳದೆ ಸಾರಾಸಗಟಾಗಿ ಐಜಿಇ ಪರೀಕ್ಷೆ ಮಾಡಿಸಬೇಡಿ ಅಂತ. ಅದೇ ಸಾಲಿನಲ್ಲಿ ಅದು ಬೈದಿದ್ದ ಇನ್ನೊಂದು ಪರೀಕ್ಷೆ ಐಜಿಜಿ. ‘ಫುಡ್ ಇನ್‌ಟಾಲರೆನ್ಸ್ ಟೆಸ್ಟ್’ ಅಂತ ಈಗ ಇಲ್ಲೂ ಮಾರುತ್ತಾರಲ್ಲ, ಅದು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಅರ್ಥದಲ್ಲಿ ಅಜಗಜಾಂತರ. ನಾವು ದಿನಾ ತಿನ್ನುವ ಆಹಾರಕ್ಕೆ ಐಜಿಜಿ ಇರುವುದು ಸಹಜ. ರಾಗಿಮುದ್ದೆ ತಿನ್ನುವವನ ರಕ್ತದಲ್ಲಿ ರಾಗಿಗೆ ಐಜಿಜಿ ಕಂಡರೆ ಅವನು ರಾಗಿ ತಿನ್ನುತ್ತಾನೆ ಅಂತ ಅರ್ಥ. ಅದನ್ನು ತಿಳಿಯಲು ರಕ್ತ ಯಾಕೆ?

ಬಿಟ್ಟರೇನು ನಷ್ಟ, ಒಂದು ಚಟ್ನಿ ತಾನೇ ಅನ್ನಿಸಬಹುದು. ನಷ್ಟ ಇದೆ. ಬೆಳೆಯುವ ಮಗುವಿನ ತಟ್ಟೆಯಿಂದ ಹಾಲು, ಗೋಧಿ, ಕಡಲೆಕಾಯಿ, ಬೇಳೆ ತೆಗೆದರೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಎಕ್ಸಿಮಾ ಇರುವ ಮಕ್ಕಳಲ್ಲಿ, ತಿಂದು ಅರಗಿಸಿಕೊಳ್ಳುತ್ತಿದ್ದ ಆಹಾರವನ್ನು ರಿಪೋರ್ಟ್ ನೋಡಿ ಬಿಡಿಸಿ, ತಿಂಗಳುಗಳ ಮೇಲೆ ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿಯೇ ಆದ ಉದಾಹರಣೆಗಳಿವೆ. 2015ರಲ್ಲಿ ಲಂಡನ್ನಿನಿಂದ ಬಂದ ಲೀಪ್ ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು. ಅಲರ್ಜಿ ಬರುವ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಕಡಲೆಕಾಯಿ ಪದಾರ್ಥ ತಿನ್ನಿಸುತ್ತಾ ಬಂದರು, ಮಿಕ್ಕವಕ್ಕೆ ಕೊಡಲಿಲ್ಲ. ಐದು ವರ್ಷ ಆಗುವಷ್ಟರಲ್ಲಿ ತಿಂದವರ ಗುಂಪಿನಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆ ಇತ್ತು.

ಚರ್ಮದ ಮೇಲೆ ಮಾಡುವ ಪ್ರಿಕ್ ಟೆಸ್ಟ್ ಹಳೆಯದು, ಸಾಮಾನ್ಯವಾಗಿ ಅಗ್ಗ. ಮುಂಗೈ ಮೇಲೆ ಒಂದೊಂದು ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ, 15ರಿಂದ 20 ನಿಮಿಷಕ್ಕೆ ಉತ್ತರ. ಅದರಲ್ಲೂ ಪಾಸಿಟಿವ್ ಅಂದರೆ ಸೆನ್ಸಿಟೈಸೇಷನ್ ಅಷ್ಟೇ. ಸೆಟ್ರಿಜಿನ್ ಥರದ ಮಾತ್ರೆಯನ್ನು ಹಲವು ದಿನ ಮೊದಲೇ ನಿಲ್ಲಿಸಿರಬೇಕು. ನಿಲ್ಲಿಸಲಾಗದವರಿಗೆ, ಮೈತುಂಬಾ ಎಕ್ಸಿಮಾ ಇರುವವರಿಗೆ, ಗೀರಿದರೇ ದದ್ದೇಳುವ ಚರ್ಮದವರಿಗೆ ರಕ್ತಪರೀಕ್ಷೆಯೇ ಸರಿ. ಮಾತ್ರೆ ನುಂಗಿದ್ದರೂ ಅದರ ಫಲಿತಾಂಶ ಬದಲಾಗುವುದಿಲ್ಲ. ಗೋಡಂಬಿ ತಿಂದು ಹತ್ತು ನಿಮಿಷಕ್ಕೆ ತುಟಿ ಊದಿ ವಾಂತಿಯಾದ ಮಗುವಿಗೆ ಗೋಡಂಬಿ ಐಜಿಇ ನೋಡಿದರೆ ಆ ಸಂಖ್ಯೆಗೆ ಬೆಲೆ ಇದೆ. ಅಲ್ಲಿ ನೆಗೆಟಿವ್ ಬಂದರೂ ಮನೆಯಲ್ಲಿ ‘ಒಂದು ತಿಂದು ನೋಡು’ ಅನ್ನಬಾರದು. ಅದನ್ನು ಪರೀಕ್ಷಿಸಬೇಕಾದದ್ದು ಆಸ್ಪತ್ರೆಯಲ್ಲಿ, ವೈದ್ಯರ ಎದುರು, ಚೂರು ಚೂರೇ ತಿನ್ನಿಸಿ.

ಅಕ್ಕ ಕೊನೆಗೆ ಒಬ್ಬ ಅಲರ್ಜಿ ತಜ್ಞರ ಹತ್ತಿರ ಹೋದಳು. ಅವರು ಪಿಡಿಎಫ್ ಪ್ರಿಂಟನ್ನು ಪಕ್ಕಕ್ಕಿಟ್ಟು ಹುಡುಗನ ಮೂಗಿನ ಗೆರೆ ನೋಡಿದರಂತೆ.

"ಏನಮ್ಮ, ಕಡಲೆಕಾಯಿ ತಿಂದರೆ ಇವನಿಗೆ ಏನಾಗುತ್ತೆ?"

"ಏನೂ ಆಗಲ್ಲ ಡಾಕ್ಟ್ರೇ. ವಾರಕ್ಕೆ ಮೂರು ದಿನ ಚಟ್ನಿ ತಿಂತಿದ್ದ."

"ಚಪಾತಿ?"

"ದಿನಾ ಡಬ್ಬಿಗೆ ಅದೇ. ತಿಂದು ಫುಟ್ಬಾಲೂ ಆಡ್ತಾನೆ."

"ಸೀನು ಯಾವಾಗ ಜಾಸ್ತಿ?"

"ಬೆಳಿಗ್ಗೆ, ಹಾಸಿಗೆಯಿಂದ ಏಳುವಾಗ."

ಪೆನ್ನು ತಗೊಂಡು ನಾಲ್ಕು ಪುಟದಲ್ಲಿ ಒಂದೇ ಸಾಲಿಗೆ ಸುತ್ತು ಹಾಕಿದರು, ಡಸ್ಟ್ ಮೈಟಿಗೆ. ಮೂಗಿಗೆ ಸ್ಪ್ರೇ ಬರೆದುಕೊಟ್ಟರು. ಹಾಸಿಗೆ ದಿಂಬಿಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿಸಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, ಅಟ್ಟದ ಮೇಲಿಂದ ತೆಗೆದ ಹಳೇ ಹತ್ತಿ ಹಾಸಿಗೆ ಬೇಡ ಅಂದರು. ಕಡಲೆಕಾಯಿ, ಗೋಧಿ ಬಿಡುವುದು ಬೇಡ. ಮುಂದೆ ಯಾವತ್ತಾದರೂ ಸಿಗಡಿ ತಿನ್ನುವ ಆಸೆಯಾದರೆ ಮೊದಲು ನನ್ನ ಹತ್ತಿರ ಬಾ ಎಂದು ಹುಡುಗನಿಗೆ ಹೇಳಿ ಕಳಿಸಿದರಂತೆ.

ಅವನ ಅಜ್ಜಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. ಚಟ್ನಿ ಬಡಿಸುವಾಗ ಒಂದು ಚಮಚ ಕಡಿಮೆಯೇ ಹಾಕುತ್ತಾರೆ. ಅವನು ಎದ್ದು ಹೋಗಿ ಬಟ್ಟಲಿನಿಂದ ತಾನೇ ಹಾಕಿಕೊಳ್ಳುತ್ತಾನೆ.